ಒಬ್ಬ ರಾಣಿಯ ಕಾಲ, ಹಲವು ಶೈಲಿಗಳ ಕದನ

ಬ್ರಿಟನ್ನಿನ ಇತಿಹಾಸದಲ್ಲಿ 1837ರಿಂದ 1901ರವರೆಗಿನ ಅವಧಿಗೆ ವಿಕ್ಟೋರಿಯಾ ಯುಗವೆಂದು ಹೆಸರು. ದೊಡ್ಡಪ್ಪ ನಾಲ್ಕನೆಯ ವಿಲಿಯಂ 1837ರ ಜೂನ್ 20ರಂದು ತೀರಿಕೊಂಡು ಪಟ್ಟ ತನ್ನ ಪಾಲಿಗೆ ಬಂದಾಗ ವಿಕ್ಟೋರಿಯಾಗೆ ಹದಿನೆಂಟು ತುಂಬಿ ಇನ್ನೂ ತಿಂಗಳಾಗಿರಲಿಲ್ಲ. 1901ರ ಜನವರಿ 22ರಂದು ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಹೌಸ್‌ನಲ್ಲಿ ಆಕೆ ಕೊನೆಯುಸಿರೆಳೆದಾಗ 63 ವರ್ಷ 7 ತಿಂಗಳ ಆಳ್ವಿಕೆ ಮುಗಿದಿತ್ತು. ಈ ಅವಧಿಯಲ್ಲಿ ದೇಶದ ಮುಖವೇ ಬದಲಾಯಿತು. ಪಟ್ಟಕ್ಕೆ ಬಂದಾಗ ದೂರದ ಪ್ರಯಾಣಕ್ಕೆ ಹೆಚ್ಚಿನವರಿಗೆ ಕುದುರೆಗಾಡಿಯೇ ಗತಿ. ತೀರಿಕೊಳ್ಳುವ ಹೊತ್ತಿಗೆ ಲಂಡನ್ನಿನ ನೆಲದಡಿಯಲ್ಲಿ ರೈಲು ಓಡುತ್ತಿತ್ತು, ಮನೆಗಳಿಗೆ ವಿದ್ಯುದ್ದೀಪ ಬಂದಿತ್ತು, ಚಲನಚಿತ್ರ ಕಣ್ಣುಬಿಟ್ಟಿತ್ತು. 1851ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣವಾಸಿಗಳೆಂದು ತಿಳಿದುಬಂತು.

ಅರಸರ ಹೆಸರು ಹೊತ್ತ ಕಾಲಘಟ್ಟಗಳಿಗೆ ಸಾಮಾನ್ಯವಾಗಿ ಒಂದು ಗುರುತಿನ ಶೈಲಿ ಇರುತ್ತದೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಎಂದರೆ ವರ್ಸೇಲ್ಸ್ ಅರಮನೆಯ ವೈಭವ ನೆನಪಾಗುತ್ತದೆ. ಅಲ್ಲಿ ಅರಸನ ಇಚ್ಛೆಯೇ ಕಲೆಯ ದಿಕ್ಕನ್ನು ನಿರ್ಧರಿಸಿತ್ತು. ವಿಕ್ಟೋರಿಯಾ ಯುಗದಲ್ಲಿ ಹಾಗಾಗಲಿಲ್ಲ. ರಾಣಿ ಸ್ವತಃ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದಳು, ಚಿತ್ರಕಾರರಿಂದ ಕೃತಿಗಳನ್ನು ಬರೆಸುತ್ತಿದ್ದಳು ನಿಜ. ಆದರೆ ಕಲೆಗೆ ದುಡ್ಡು ಹಾಕಿದವರು ಹೆಚ್ಚಾಗಿ ಮ್ಯಾಂಚೆಸ್ಟರಿನ ಹತ್ತಿಗಿರಣಿ ಮಾಲೀಕರು, ಲಿವರ್‌ಪೂಲಿನ ಹಡಗು ವ್ಯಾಪಾರಿಗಳು, ರೈಲ್ವೆ ಕಂಪನಿಗಳು, ನಗರಸಭೆಗಳು ಮತ್ತು ಚರ್ಚುಗಳು. ಅವರ ಅಭಿರುಚಿ ಒಂದೇ ಆಗಿರಲಿಲ್ಲ. ಮಧ್ಯಯುಗದ ಚೂಪು ಕಮಾನಿನ ಗೋಥಿಕ್, ಇಟಲಿಯ ಮಾದರಿ, ಗ್ರೀಕ್ ಮಾದರಿ, ಸ್ಕಾಟ್ಲೆಂಡಿನ ಕೋಟೆಯ ಮಾದರಿ, ಜಪಾನಿನ ಛಾಯೆ ಎಲ್ಲವೂ ಒಟ್ಟೊಟ್ಟಿಗೆ ನಡೆದವು. ರಾಜದಂಪತಿಯ ಸ್ವಂತ ಮನೆಗಳೇ ಇದಕ್ಕೆ ಸಾಕ್ಷಿ: ಆಸ್ಬರ್ನ್ ಹೌಸ್ ಇಟಲಿಯ ಶೈಲಿಯಲ್ಲಿದ್ದರೆ, ಬಾಲ್ಮೋರಲ್ ಸ್ಕಾಟಿಷ್ ಕೋಟೆಯಂತಿದೆ. ಇಷ್ಟೊಂದು ಶೈಲಿಗಳ ನಡುವೆ ಈ ಯುಗವನ್ನು ಹಿಡಿದಿಟ್ಟ ಸೂತ್ರ ಒಂದು ವಾಗ್ವಾದ. ಯಂತ್ರ ಎಲ್ಲವನ್ನೂ ಅಗ್ಗವಾಗಿ ಮಾಡಿಕೊಡುವ ಕಾಲದಲ್ಲಿ ಯಾವುದು ಅಂದ, ಆ ಅಂದವನ್ನು ಯಾರ ಕೈ ಮಾಡಬೇಕು ಎಂಬ ಪ್ರಶ್ನೆಯನ್ನು ಈ ಅರುವತ್ತು ಚಿಲ್ಲರೆ ವರ್ಷ ಕಟ್ಟಡಗಳಲ್ಲಿ, ಚಿತ್ರಗಳಲ್ಲಿ, ಗೋಡೆಗೆ ಅಂಟಿಸುವ ಕಾಗದದಲ್ಲಿ ಸಹ ಕೇಳಲಾಯಿತು.

ಗೋಥಿಕ್‌ನ ಮರುಹುಟ್ಟು

ವಾದಕ್ಕೆ ಮೊದಲ ಕಿಡಿ ಅಕ್ಷರಶಃ ಬೆಂಕಿಯಿಂದಲೇ ಬಂತು. 1834ರ ಅಕ್ಟೋಬರ್ 16ರ ರಾತ್ರಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆ, ಅಂದರೆ ಪಾರ್ಲಿಮೆಂಟ್ ಭವನ ಬಹುಪಾಲು ಸುಟ್ಟುಹೋಯಿತು. ಹೊಸ ಕಟ್ಟಡ ಗೋಥಿಕ್ ಅಥವಾ ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಶೈಲಿಯಲ್ಲಿರಬೇಕೆಂದು ಕಟ್ಟುಪಾಡು ಹಾಕಿ ಸ್ಪರ್ಧೆ ಕರೆಯಲಾಯಿತು. ಬಂದ 97 ವಿನ್ಯಾಸಗಳಲ್ಲಿ ಚಾರ್ಲ್ಸ್ ಬ್ಯಾರಿಯದು 1836ರಲ್ಲಿ ಆಯ್ಕೆಯಾಯಿತು. ಮರುವರ್ಷ ಪಟ್ಟಕ್ಕೆ ಬಂದ ವಿಕ್ಟೋರಿಯಾಳ ಆಳ್ವಿಕೆಯ ಬಹುಕಾಲ ಈ ಕಟ್ಟಡದ ಕೆಲಸ ಮುಂದುವರಿಯಿತು. ಗಡಿಯಾರದ ಗೋಪುರ ಮುಗಿದದ್ದು 1859ರಲ್ಲಿ.

ಕಟ್ಟಡದ ನಕಾಶೆ ಬ್ಯಾರಿಯದಾದರೂ ಅದರ ಮೈಮೇಲಿನ ಕುಸುರಿ ಆಗಸ್ಟಸ್ ವೆಲ್ಬಿ ಪ್ಯೂಜಿನ್‌ನದು. ಕೆತ್ತನೆಯ ಮರ, ನೆಲದ ಹೆಂಚು, ಬಣ್ಣದ ಗಾಜು, ಗೋಡೆಕಾಗದ, ಬಾಗಿಲ ಹಿಡಿಕೆ, ಮಸಿಕುಡಿಕೆಯವರೆಗೆ ಎಲ್ಲಕ್ಕೂ ರೇಖಾಚಿತ್ರ ಬರೆದವನು ಅವನು. ಪ್ಯೂಜಿನ್ ಬರಿಯ ಕುಸುರಿಗಾರನಾಗಿರಲಿಲ್ಲ. 1836ರಲ್ಲಿ ಪ್ರಕಟವಾದ 'ಕಾಂಟ್ರಾಸ್ಟ್ಸ್' ಪುಸ್ತಕದ 1841ರ ಎರಡನೆಯ ಆವೃತ್ತಿಯಲ್ಲಿ ಮಧ್ಯಯುಗದ ಊರು ಮತ್ತು ತನ್ನ ಕಾಲದ ಊರನ್ನು ಅಕ್ಕಪಕ್ಕ ಚಿತ್ರಿಸಿ, ಒಂದರಲ್ಲಿ ಧರ್ಮಶಾಲೆಯೂ ಇನ್ನೊಂದರಲ್ಲಿ ಬಡವರನ್ನು ಕೂಡಿಹಾಕುವ ಮನೆಯೂ ಇರುವುದನ್ನು ತೋರಿಸಿದ. ಕಟ್ಟಡ ಕೆಟ್ಟಿರುವುದು ಸಮಾಜ ಕೆಟ್ಟಿರುವುದರ ಲಕ್ಷಣ ಎಂಬುದು ಅವನ ನಿಲುವು. ಕಟ್ಟಡದಲ್ಲಿ ಉಪಯೋಗಕ್ಕೋ ಆಧಾರಕ್ಕೋ ಬೇಕಿಲ್ಲದ ಒಂದು ಭಾಗವೂ ಇರಕೂಡದು, ಅಲಂಕಾರವೆಂಬುದು ರಚನೆಗೆ ಮೆರುಗಾಗಿ ಬರಬೇಕೇ ಹೊರತು ಮೇಲಿಂದ ಮೆತ್ತಿದ್ದಾಗಬಾರದು ಎಂದು 1841ರಲ್ಲಿ ಬರೆದ. ಇಪ್ಪತ್ತನೆಯ ಶತಮಾನದ ಆಧುನಿಕ ವಾಸ್ತುಶಿಲ್ಪಿಗಳು ಹೇಳಿದ ಮಾತಿಗೆ ಇದು ಬಹಳ ಹತ್ತಿರ. ಮಧ್ಯಯುಗದ ಭಕ್ತನೊಬ್ಬನ ಬಾಯಲ್ಲಿ ಅದು ಅಷ್ಟು ಮೊದಲೇ ಬಂದದ್ದು ಈ ಯುಗದ ದೊಡ್ಡ ವಿಸ್ಮಯ. ಮಿತಿಮೀರಿ ದುಡಿದು ದುಡಿದು ಪ್ಯೂಜಿನ್ 1852ರಲ್ಲಿ ನಲವತ್ತನೆಯ ವಯಸ್ಸಿಗೇ ತೀರಿಕೊಂಡ.

ಅವನ ಮಾತಿಗೆ ತಾತ್ವಿಕ ಬಲ ಕೊಟ್ಟವನು ವಿಮರ್ಶಕ ಜಾನ್ ರಸ್ಕಿನ್. 1851 ಮತ್ತು 1853ರ ನಡುವೆ ಮೂರು ಸಂಪುಟಗಳಲ್ಲಿ ಬಂದ 'ದಿ ಸ್ಟೋನ್ಸ್ ಆಫ್ ವೆನಿಸ್' ಹೆಸರಿಗೆ ವೆನಿಸ್ ನಗರದ ಕಟ್ಟಡಗಳ ಅಧ್ಯಯನ. ಅದರ ನಡುಭಾಗದ ಅಧ್ಯಾಯವೊಂದರಲ್ಲಿ ರಸ್ಕಿನ್ ಗೋಥಿಕ್ ಕಲ್ಲುಕುಟಿಗನ ಸ್ವಾತಂತ್ರ್ಯವನ್ನು ಕೊಂಡಾಡುತ್ತಾನೆ. ಆ ಕುಟಿಗನ ಕೆತ್ತನೆಯಲ್ಲಿ ಓರೆಕೋರೆಗಳಿವೆ, ಏಕೆಂದರೆ ಅವನು ತಾನೇ ಯೋಚಿಸಿ ಕೆತ್ತಿದ. ಒಂದೇ ಅಚ್ಚಿನಂತೆ ನುಣುಪಾಗಿ ಮಾಡೆಂದು ಕಾರ್ಮಿಕನಿಗೆ ಹೇಳುವುದೆಂದರೆ ಅವನನ್ನು ಗುಲಾಮನಾಗಿಸುವುದು ಎಂಬುದು ರಸ್ಕಿನ್ ವಾದ. ಸೌಂದರ್ಯಮೀಮಾಂಸೆ ಇಲ್ಲಿ ದುಡಿಮೆಯ ನ್ಯಾಯದ ಪ್ರಶ್ನೆಯಾಗಿ ತಿರುಗಿತು. ಮುಂದೆ ವಿಲಿಯಂ ಮೋರಿಸ್ ಈ ಅಧ್ಯಾಯವನ್ನು ತನ್ನ ಮುದ್ರಣಾಲಯದಿಂದ ಬೇರೆ ಪುಸ್ತಕವಾಗಿಯೇ ಅಚ್ಚುಹಾಕಿಸಿದ.

ರಸ್ಕಿನ್ ಓದಿದ ವಾಸ್ತುಶಿಲ್ಪಿಗಳು ಇಂಗ್ಲೆಂಡಿನ ಗೋಥಿಕ್‌ಗೆ ವೆನಿಸ್ಸಿನ ಬಣ್ಣ ಬೆರೆಸಿದರು. ವಿಲಿಯಂ ಬಟರ್‌ಫೀಲ್ಡ್ 1850ರ ದಶಕದಲ್ಲಿ ಲಂಡನ್ನಿನಲ್ಲಿ ಕಟ್ಟಿದ ಆಲ್ ಸೇಂಟ್ಸ್ ಚರ್ಚಿನಲ್ಲಿ ಕೆಂಪು ಇಟ್ಟಿಗೆಯ ನಡುವೆ ಕಪ್ಪು ಇಟ್ಟಿಗೆಯ ಪಟ್ಟಿಗಳು ಓಡುತ್ತವೆ; ಬಣ್ಣ ಬಳಿದದ್ದಲ್ಲ, ಸಾಮಗ್ರಿಯದೇ ಬಣ್ಣ. ಈ ಪಟ್ಟೆ ಇಟ್ಟಿಗೆಯ ಕಟ್ಟಡಗಳು ಆಮೇಲೆ ಶಾಲೆ, ಆಸ್ಪತ್ರೆ, ಬ್ಯಾಂಕುಗಳಿಗೂ ಹರಡಿದವು. ಆಲ್ಫ್ರೆಡ್ ವಾಟರ್‌ಹೌಸ್ ಮ್ಯಾಂಚೆಸ್ಟರ್ ಪುರಭವನವನ್ನು ಗೋಥಿಕ್‌ನಲ್ಲಿಯೂ, 1881ರಲ್ಲಿ ತೆರೆದ ಲಂಡನ್ನಿನ ನಿಸರ್ಗ ಇತಿಹಾಸ ಸಂಗ್ರಹಾಲಯವನ್ನು ರೋಮನೆಸ್ಕ್ ಶೈಲಿಯಲ್ಲಿಯೂ ಕಟ್ಟಿದ. ಸಂಗ್ರಹಾಲಯದ ಗೋಡೆಗಳ ತುಂಬ ಸುಟ್ಟ ಜೇಡಿಮಣ್ಣಿನ ಪ್ರಾಣಿಗಳಿವೆ: ಒಂದು ಬದಿಯಲ್ಲಿ ಇಂದು ಬದುಕಿರುವ ಜೀವಿಗಳು, ಇನ್ನೊಂದು ಬದಿಯಲ್ಲಿ ಅಳಿದುಹೋದವು. ಜಾರ್ಜ್ ಗಿಲ್ಬರ್ಟ್ ಸ್ಕಾಟ್‌ನ ಸೇಂಟ್ ಪ್ಯಾಂಕ್ರಸ್ ರೈಲು ನಿಲ್ದಾಣದ ಹೋಟೆಲು ಈ ಶೈಲಿಯ ತುತ್ತತುದಿ. ಮುಂಭಾಗದಲ್ಲಿ ಕೆಂಪಿಟ್ಟಿಗೆಯ ಶಿಖರ, ಗೋಪುರ, ಚೂಪು ಕಮಾನು. ಅದರ ಬೆನ್ನಿಗೇ ಎಂಜಿನಿಯರ್ ವಿಲಿಯಂ ಬಾರ್ಲೊ 1868ರಲ್ಲಿ ಪೂರೈಸಿದ, ನಡುವೆ ಒಂದೂ ಕಂಬವಿಲ್ಲದೆ ಸುಮಾರು 240 ಅಡಿ ಹಾಯುವ ಕಬ್ಬಿಣ ಮತ್ತು ಗಾಜಿನ ಚಾವಣಿ. ಹದಿಮೂರನೆಯ ಶತಮಾನದ ಮುಖ, ಹತ್ತೊಂಬತ್ತನೆಯ ಶತಮಾನದ ಬೆನ್ನೆಲುಬು. ಎರಡನ್ನೂ ಒಂದೇ ಸೂರಿನಡಿ ತರುವ ದಾರಿ ಆ ಕಾಲದ ವಾಸ್ತುಶಿಲ್ಪಿಗಳಿಗೆ ಹೊಳೆಯಲಿಲ್ಲ.

1851ರ ಗಾಜಿನ ಅರಮನೆ

ಆ ದಾರಿ ಅದಕ್ಕೂ ಮೊದಲೇ ಹೊಳೆದದ್ದು ವಾಸ್ತುಶಿಲ್ಪಿಗಲ್ಲ, ಒಬ್ಬ ತೋಟಗಾರನಿಗೆ. ರಾಣಿಯ ಪತಿ ಆಲ್ಬರ್ಟ್ ಮತ್ತು ಸರ್ಕಾರಿ ಅಧಿಕಾರಿ ಹೆನ್ರಿ ಕೋಲ್ ಸೇರಿ ಎಲ್ಲ ದೇಶಗಳ ಕೈಗಾರಿಕಾ ವಸ್ತುಗಳ ಮಹಾಪ್ರದರ್ಶನವೊಂದನ್ನು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆಸಲು ಹೊರಟಾಗ ಕಟ್ಟಡಕ್ಕೆಂದು 245 ವಿನ್ಯಾಸಗಳು ಬಂದವು. ಯಾವುದೂ ಒಪ್ಪಿಗೆಯಾಗಲಿಲ್ಲ. ಆಗ ಮುಂದೆ ಬಂದವನು ಜೋಸೆಫ್ ಪ್ಯಾಕ್ಸ್‌ಟನ್. ಚ್ಯಾಟ್ಸ್‌ವರ್ತ್‌ನಲ್ಲಿ ಡೆವನ್‌ಷೈರ್ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಆತ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು 1849ರಲ್ಲಿ ಗಾಜಿನ ಮನೆಯಲ್ಲಿ ಬೆಳೆಸಿ ಹೂ ಬಿಡಿಸಿದ್ದ. ಆ ಗಿಡಕ್ಕೂ ರಾಣಿಯದೇ ಹೆಸರು. ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿ ಅದು ಭಾರ ತಾಳುವುದನ್ನು ತೋರಿಸಿದ್ದ. ಎಲೆಯಡಿಯ ನರಗಳ ಹೆಣಿಗೆ ಅವನ ಕಬ್ಬಿಣದ ಚೌಕಟ್ಟುಗಳಿಗೆ ಪ್ರೇರಣೆಯಾಯಿತು. ಪ್ರದರ್ಶನ ಭವನದ ಮೊದಲ ರೇಖೆಗಳನ್ನು ಆತ 1850ರ ಜೂನ್‌ನಲ್ಲಿ ರೈಲ್ವೆ ಸಭೆಯೊಂದರಲ್ಲಿ ಕೂತು ಮಸಿಹೀರುವ ಕಾಗದದ ಮೇಲೆ ಗೀಚಿದ.

ಕಟ್ಟಡದ ಉದ್ದ 1,848 ಅಡಿ. 24 ಅಡಿಯ ಅಂಕಣಗಳು ಒಂದರ ಪಕ್ಕ ಒಂದು ಬರುವಂತೆ ಲೆಕ್ಕ ಹಾಕಿ, ಬೀಡುಕಬ್ಬಿಣದ ಕಂಬ ತೊಲೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಸ್ಥಳದಲ್ಲಿ ಜೋಡಿಸಲಾಯಿತು. ಗಾಜಿನ ಹಲಗೆಗಳೇ ಸುಮಾರು ಮೂರು ಲಕ್ಷ. ಗಾಜಿನ ಮೇಲಿದ್ದ ತೆರಿಗೆಯನ್ನು 1845ರಲ್ಲಿ ರದ್ದು ಮಾಡಿರದಿದ್ದರೆ ಇದು ಆಗುವ ಮಾತಾಗಿರಲಿಲ್ಲ. ಪಾರ್ಕಿನ ಎಲ್ಮ್ ಮರಗಳನ್ನು ಕಡಿಯಬಾರದೆಂದು ಜನ ಪಟ್ಟುಹಿಡಿದಾಗ, ಅವು ಒಳಗೇ ಉಳಿಯುವಂತೆ ನಡುವೆ ಎತ್ತರದ ಕಮಾನು ಚಾವಣಿ ಕೊಡಲಾಯಿತು. 1851ರ ಮೇ 1ರಂದು ರಾಣಿ ಉದ್ಘಾಟಿಸಿದ ಪ್ರದರ್ಶನಕ್ಕೆ ಅಕ್ಟೋಬರ್ ನಡುವಿನ ಹೊತ್ತಿಗೆ 60 ಲಕ್ಷಕ್ಕೂ ಮಿಕ್ಕಿ ಜನ ಬಂದುಹೋದರು. ಒಂದು ಶಿಲಿಂಗ್ ಪ್ರವೇಶದ ದಿನಗಳಲ್ಲಿ ಕಾರ್ಖಾನೆಗಳ ಕೆಲಸಗಾರರು, ಹಳ್ಳಿಯ ರೈತರು ರೈಲು ಹತ್ತಿ ಬಂದರು.

ಕಟ್ಟಡ ಎಲ್ಲರನ್ನೂ ಬೆರಗುಗೊಳಿಸಿತು. ಒಳಗಿದ್ದ ಬ್ರಿಟಿಷ್ ಸರಕು ಬಲ್ಲವರನ್ನು ನಾಚಿಸಿತು. ನೆಲಹಾಸಿನ ಮೇಲೆ ಮೈದುಂಬಿದ ಗುಲಾಬಿಗಳು, ಉಗಿಯಂತ್ರಕ್ಕೆ ಗ್ರೀಕ್ ಕಂಬಗಳು, ಕಬ್ಬಿಣಕ್ಕೆ ಮರದ ಬಣ್ಣ. ಯಂತ್ರಕ್ಕೆ ಅಲಂಕಾರ ಸುಲಭವಾಗಿ ಒಲಿದಿತ್ತು, ಎಲ್ಲಿ ನಿಲ್ಲಿಸಬೇಕೆಂಬ ಅಂಕೆ ಇರಲಿಲ್ಲ. ಅದೇ ಸೂರಿನಡಿ ಈಸ್ಟ್ ಇಂಡಿಯಾ ಕಂಪನಿ ತಂದಿಟ್ಟಿದ್ದ ಭಾರತದ ಬಟ್ಟೆ, ಲೋಹದ ಪಾತ್ರೆ, ಶಾಲುಗಳನ್ನು ನೋಡಿದ ಕಲಾವಿದ ಓವೆನ್ ಜೋನ್ಸ್ ಅವುಗಳ ಬಣ್ಣದ ಹದಕ್ಕೆ, ಬಳ್ಳಿ ಹೂಗಳು ಬಟ್ಟೆಯ ಸಮತಲಕ್ಕೆ ಹೊಂದಿ ನಿಲ್ಲುವ ರೀತಿಗೆ ಮಾರುಹೋದ. ಮಗ್ಗದ ಮುಂದೆ ಕೂತ ಭಾರತದ ನೇಕಾರನ ತಿಳಿವಳಿಕೆ ಬ್ರಿಟನ್ನಿನ ಕಾರ್ಖಾನೆಗಳ ನಕಾಶೆಗಾರರಿಗೆ ಇಲ್ಲವೆಂದು ಮುಕ್ತವಾಗಿ ಒಪ್ಪಿಕೊಂಡವರಲ್ಲಿ ಆತ ಪ್ರಮುಖ. ಆ ನೇಕಾರರ ಬದುಕನ್ನು ಅದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ಮುರಿಯುತ್ತಿತ್ತು ಎಂಬುದನ್ನು ಮರೆತು ಈ ಹೊಗಳಿಕೆಯನ್ನು ಓದಲಾಗದು.

ಜೋನ್ಸ್ 1856ರಲ್ಲಿ ಪ್ರಕಟಿಸಿದ 'ದಿ ಗ್ರಾಮರ್ ಆಫ್ ಆರ್ನಮೆಂಟ್' ಜಗತ್ತಿನ ಅಲಂಕಾರ ಕಲೆಗಳನ್ನು ನೂರು ಬಣ್ಣದ ಫಲಕಗಳಲ್ಲಿ ಜೋಡಿಸಿತು. ಪ್ರದರ್ಶನದಲ್ಲಿ ಉಳಿದ ಸುಮಾರು 1,86,000 ಪೌಂಡ್ ಲಾಭದಿಂದ ಸೌತ್ ಕೆನ್ಸಿಂಗ್ಟನ್‌ನಲ್ಲಿ ಜಮೀನು ಕೊಂಡು ಸಂಗ್ರಹಾಲಯ, ಕಾಲೇಜುಗಳನ್ನು ಕಟ್ಟಲಾಯಿತು. ಹೆನ್ರಿ ಕೋಲ್ 1852ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ತಪ್ಪು ವಿನ್ಯಾಸಗಳಿಗೆಂದೇ ಒಂದು ಕೋಣೆ ಇತ್ತು. ತಮ್ಮ ಸರಕು ಅಲ್ಲಿ ಕಂಡ ತಯಾರಕರು ಗಲಾಟೆ ಎಬ್ಬಿಸಿದ್ದರಿಂದ ಅದು ಬೇಗನೆ ಮುಚ್ಚಿತು. ಚಾರ್ಲ್ಸ್ ಡಿಕನ್ಸ್ 1854ರ 'ಹಾರ್ಡ್ ಟೈಮ್ಸ್' ಕಾದಂಬರಿಯಲ್ಲಿ, ನೆಲಹಾಸಿನ ಮೇಲೆ ಹೂವಿನ ಚಿತ್ರ ಇರಬಾರದೆಂದು ಮಕ್ಕಳಿಗೆ ಪಾಠ ಹೇಳುವ ಅಧಿಕಾರಿಯನ್ನು ತಂದು ಕೋಲ್‌ನ ಈ ಕಟ್ಟುನಿಟ್ಟನ್ನು ಗೇಲಿಮಾಡಿದ.

ಕ್ಯಾನ್ವಾಸಿನ ಮೇಲಿನ ದಂಗೆ

ಚಿತ್ರಕಲೆಯಲ್ಲಿ ರಾಯಲ್ ಅಕಾಡೆಮಿಯ ಮಾತೇ ಮಾತಾಗಿತ್ತು. ಪ್ರತಿ ಬೇಸಿಗೆಯ ಅದರ ಪ್ರದರ್ಶನದಲ್ಲಿ ಗೆದ್ದ ಚಿತ್ರಕಾರನಿಗೆ ಹೆಸರೂ ಹಣವೂ ಕೈಗೆ ಬರುತ್ತಿದ್ದವು. ಎಡ್ವಿನ್ ಲ್ಯಾಂಡ್‌ಸಿಯರ್‌ನ ಜಿಂಕೆ ನಾಯಿಗಳು ರಾಣಿಗೆ ಅಚ್ಚುಮೆಚ್ಚು. ವಿಲಿಯಂ ಪೊವೆಲ್ ಫ್ರಿತ್ ಕುದುರೆ ಜೂಜಿನ ಬಯಲು, ರೈಲು ನಿಲ್ದಾಣಗಳಲ್ಲಿ ಸೇರಿದ ಜಂಗುಳಿಯನ್ನೇ ಚಿತ್ರವಾಗಿಸಿದ. ಅವನ 'ಡರ್ಬಿ ಡೇ' 1858ರಲ್ಲಿ ಪ್ರದರ್ಶನಕ್ಕೆ ಬಂದಾಗ ಜನ ಮುಗಿಬಿದ್ದು ಅದಕ್ಕೆ ಕಂಬಿಯ ಬೇಲಿ ಹಾಕಬೇಕಾಯಿತು. ಕಾದಂಬರಿ ಓದಿ ಬೆಳೆದ ಸಮಾಜ ಚಿತ್ರದಲ್ಲಿಯೂ ಕತೆ ಹುಡುಕುತ್ತಿತ್ತು.

1848ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಗೋವರ್ ಬೀದಿಯ ಮನೆಯೊಂದರಲ್ಲಿ ಅಕಾಡೆಮಿಯ ಶಾಲೆಯಲ್ಲೇ ಕಲಿತಿದ್ದ ಹುಡುಗರು ಅದರ ವಿರುದ್ಧ ಗುಟ್ಟಿನ ಸಂಘ ಕಟ್ಟಿದರು. ಜಾನ್ ಎವರೆಟ್ ಮಿಲೇ, ವಿಲಿಯಂ ಹೋಲ್ಮನ್ ಹಂಟ್, ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಮುಂದಾಳುಗಳು. ಎಲ್ಲ ಸೇರಿ ಏಳು ಮಂದಿ. ಮಿಲೇಗೆ ಆಗ ಹತ್ತೊಂಬತ್ತು ವರ್ಷ. ಇಟಲಿಯ ರಫೇಲನ ನಂತರ ಬಂದ ಚಿತ್ರಕಾರರು ಅವನ ನೆರಳಲ್ಲಿ ಸವೆದ ದಾರಿ ಹಿಡಿದರು, ಅದಕ್ಕಿಂತ ಹಿಂದಿನವರ ನೇರ ನೋಟಕ್ಕೆ ಮರಳಬೇಕು ಎಂಬುದು ಅವರ ಸಂಕಲ್ಪ. ಆದ್ದರಿಂದಲೇ ಪ್ರೀ ರಫೇಲೈಟ್ ಸೋದರ ಬಳಗ ಎಂದು ಹೆಸರಿಟ್ಟುಕೊಂಡರು. ಕಂದು ಮಬ್ಬಿನ ಹಿನ್ನೆಲೆ ಬಿಟ್ಟು, ಒದ್ದೆಯಿದ್ದ ಬಿಳಿ ಲೇಪದ ಮೇಲೆ ತೆಳುವಾಗಿ ಬಣ್ಣ ಹಚ್ಚಿದರು. ಹಸಿರು, ನೇರಳೆ, ಕೆಂಪು ಒಳಗಿನಿಂದ ಬೆಳಕು ಬಿದ್ದಂತೆ ಹೊಳೆದವು. ಸ್ಟುಡಿಯೊ ಬಿಟ್ಟು ಹೊಲದ ಬದುವಿನಲ್ಲಿ ಕೂತು ಒಂದೊಂದು ಎಲೆಯನ್ನೂ ನೋಡಿ ಬರೆದರು.

ಮಿಲೇಯ 'ಒಫೀಲಿಯಾ' ಈ ನಿಷ್ಠೆಯ ಶಿಖರ. ಷೇಕ್ಸ್‌ಪಿಯರನ ನಾಯಕಿ ತೊರೆಯಲ್ಲಿ ತೇಲುತ್ತ ಸಾಯುವ ಈ ದೃಶ್ಯದ ಹಿನ್ನೆಲೆಗಾಗಿ ಆತ 1851ರಲ್ಲಿ ಸರ್ರೆ ಪ್ರಾಂತದ ಹೊಗ್ಸ್‌ಮಿಲ್ ಹೊಳೆದಂಡೆಯಲ್ಲಿ ತಿಂಗಳುಗಟ್ಟಲೆ ಕೂತ. ಆಮೇಲೆ ಲಂಡನ್ನಿನಲ್ಲಿ ಎಲಿಜಬೆತ್ ಸಿಡಲ್ ಎಂಬ ಯುವತಿ ನೀರು ತುಂಬಿದ ತೊಟ್ಟಿಯಲ್ಲಿ ಮಲಗಿ ರೂಪದರ್ಶಿಯಾದಳು. ನೀರು ಬೆಚ್ಚಗಿರಲೆಂದು ಅಡಿಯಲ್ಲಿಟ್ಟ ದೀಪಗಳು ಆರಿಹೋದುದು ಚಿತ್ರದಲ್ಲಿ ಮುಳುಗಿದ್ದ ಮಿಲೇಗೆ ತಿಳಿಯಲೇ ಇಲ್ಲ. ಆಕೆ ನೆಗಡಿ ಹತ್ತಿ ಹಾಸಿಗೆ ಹಿಡಿದಳು. ಸಿಡಲ್ ಸ್ವತಃ ಚಿತ್ರಕಾರ್ತಿ, ಕವಯಿತ್ರಿ. ಬಹುಕಾಲ ಆಕೆಯನ್ನು ಬರಿಯ ರೂಪದರ್ಶಿಯೆಂದು ನೆನೆದದ್ದು ಅನ್ಯಾಯ. ಹೆಣ್ಣುಮಕ್ಕಳಿಗೆ ಅಕಾಡೆಮಿಯ ಶಾಲೆಯ ಬಾಗಿಲು ತೆರೆದದ್ದೇ 1860ರಲ್ಲಿ, ಲಾರಾ ಹರ್ಫರ್ಡ್ ಎಂಬಾಕೆ ತನ್ನ ಹೆಸರಿನ ಮೊದಲಕ್ಷರ ಮಾತ್ರ ಬರೆದು ಅರ್ಜಿ ಹಾಕಿದ ಮೇಲೆ.

ಬಳಗಕ್ಕೆ ಮೊದಲು ಸಿಕ್ಕಿದ್ದು ಬೈಗುಳ. ಬಾಲ ಯೇಸುವನ್ನು ಬಡಗಿಯ ಕೊಟ್ಟಿಗೆಯಲ್ಲಿ, ಮರದ ಹೊಟ್ಟು, ಕೊಳೆ ಉಗುರುಗಳ ನಡುವೆ ತೋರಿಸಿದ ಮಿಲೇಯ ಚಿತ್ರವನ್ನು ಡಿಕನ್ಸ್ 1850ರಲ್ಲಿ ತನ್ನ ಪತ್ರಿಕೆಯಲ್ಲಿ ಕಟುವಾಗಿ ಖಂಡಿಸಿದ. ಮರುವರ್ಷ ರಸ್ಕಿನ್ 'ದಿ ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಈ ಹುಡುಗರ ಬೆನ್ನಿಗೆ ನಿಂತ. ಬಡಗಿಯ ಮನೆಯನ್ನು ಬಡಗಿಯ ಮನೆಯಂತೆ ಬರೆದ ಮಿಲೇಯೇ ಸರಿ, ಡಿಕನ್ಸ್ ತಪ್ಪು ಎಂದು ಇಂದು ಧಾರಾಳವಾಗಿ ಹೇಳಬಹುದು. ಬಳಗ ಐದಾರು ವರ್ಷಗಳಲ್ಲಿ ಚದುರಿತಾದರೂ ಅದರ ಪ್ರಭಾವ ರೊಸೆಟ್ಟಿ, ಎಡ್ವರ್ಡ್ ಬರ್ನ್ ಜೋನ್ಸ್ ಮೂಲಕ ಶತಮಾನದ ಕೊನೆಯವರೆಗೂ ಹರಿಯಿತು. ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಹದಿಮೂರು ವರ್ಷ ದುಡಿದು 1865ರಲ್ಲಿ ಮುಗಿಸಿದ 'ವರ್ಕ್' ಚಿತ್ರದ ನಡುವಿಗೆ ರಸ್ತೆ ಅಗೆಯುವ ಕೂಲಿಗಳನ್ನು ತಂದ.

1839ರಲ್ಲಿ ಬೆಳಕಿಗೆ ಬಂದ ಛಾಯಾಗ್ರಹಣ ಈ ಯುಗದ ಜೊತೆಗೇ ಬೆಳೆದ ಕಲೆ. ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ 48ರ ವಯಸ್ಸಿನಲ್ಲಿ ಕ್ಯಾಮೆರಾ ಹಿಡಿದು, ಮುಖದ ಅಂಚುಗಳು ಮೃದುವಾಗಿ ಕರಗುವ ಭಾವಚಿತ್ರಗಳನ್ನು ತೆಗೆದಳು. ಅಂದಿನ ಛಾಯಾಗ್ರಾಹಕರು ಅದನ್ನು ಕೆಲಸ ಬಾರದವಳ ದೋಷವೆಂದರು.

ಮೋರಿಸ್ ಮತ್ತು ಕೈಕಸುಬಿನ ಚಳವಳಿ

ವಾಗ್ವಾದವನ್ನು ಮನೆಯೊಳಗೆ ತಂದವನು ವಿಲಿಯಂ ಮೋರಿಸ್. 1834ರಲ್ಲಿ ಶ್ರೀಮಂತ ಕುಟುಂಬದಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಆಕ್ಸ್‌ಫರ್ಡಿಗೆ ಹೋಗಿ, ರಸ್ಕಿನ್ ಓದಿ ದಾರಿ ಬದಲಿಸಿದ. ಮದುವೆಯಾದ ಹೊಸದರಲ್ಲಿ ಗೆಳೆಯ ಫಿಲಿಪ್ ವೆಬ್‌ನಿಂದ ಬೆಕ್ಸ್‌ಲಿಹೀತ್‌ನಲ್ಲಿ 'ರೆಡ್ ಹೌಸ್' ಕಟ್ಟಿಸಿದ: ಗಾರೆ ಬಳಿಯದ ಕೆಂಪು ಇಟ್ಟಿಗೆಯ, ಒಳಗಿನ ಕೋಣೆಗಳ ಅಗತ್ಯಕ್ಕೆ ತಕ್ಕಂತೆ ಹೊರರೂಪ ಪಡೆದ ಮನೆ. ಒಳಗಿಡಲು ಅಂಗಡಿಯಲ್ಲಿ ತಕ್ಕ ಸಾಮಾನು ಸಿಗದೆ ಗೆಳೆಯರೆಲ್ಲ ಸೇರಿ ತಾವೇ ಮಾಡಿಕೊಂಡರು. ಅದರಿಂದಲೇ 1861ರಲ್ಲಿ ಅವರ ಕಂಪನಿ ಹುಟ್ಟಿತು. ಬಣ್ಣದ ಗಾಜು, ಕುರ್ಚಿ, ಕಸೂತಿ, ಹೆಂಚು, ಗೋಡೆಕಾಗದ, ಅಚ್ಚಿನ ಬಟ್ಟೆ ಎಲ್ಲವೂ ಅಲ್ಲಿ ತಯಾರಾದವು.

ಬಣ್ಣದ ವಿಷಯದಲ್ಲಿ ಮೋರಿಸ್ ತನ್ನ ಕಾಲಕ್ಕೇ ಎದುರಾಗಿ ನಿಂತ. 1856ರಲ್ಲಿ ಹದಿನೆಂಟು ವರ್ಷದ ವಿಲಿಯಂ ಪರ್ಕಿನ್ ಕ್ವಿನೈನ್ ತಯಾರಿಸಲು ಹೋಗಿ ಕಲ್ಲಿದ್ದಲ ಟಾರಿನಿಂದ ನೇರಳೆ ಬಣ್ಣ ಕಂಡುಹಿಡಿದಿದ್ದ. ರಾಣಿ 1858ರಲ್ಲಿ ಮಗಳ ಮದುವೆಗೆ ಅದೇ ಬಣ್ಣದ ಉಡುಪು ತೊಟ್ಟಳು, ರಾಸಾಯನಿಕ ಬಣ್ಣಗಳು ಮಾರುಕಟ್ಟೆ ತುಂಬಿದವು. ಬಿಸಿಲಿಗೆ ಬೇಗ ಮಾಸುವ, ಕಣ್ಣಿಗೆ ರಾಚುವ ಈ ಬಣ್ಣಗಳನ್ನು ಒಲ್ಲದೆ ಮೋರಿಸ್ ಲೀಕ್ ಪಟ್ಟಣದ ಥಾಮಸ್ ವಾರ್ಡಲ್‌ನ ಬಣ್ಣಗಾರಿಕೆಯಲ್ಲಿ ಕಲಿಯಲು ಹೋದ. ನೀಲಿ ತೊಟ್ಟಿಯಲ್ಲಿ ಅದ್ದಿ ಅದ್ದಿ ಮೊಣಕೈವರೆಗೆ ನೀಲಿಯಾದ. 1881ರಲ್ಲಿ ಮರ್ಟನ್ ಅಬಿಯಲ್ಲಿ ಸ್ವಂತ ಕಾರ್ಯಾಗಾರ ಮಾಡಿದ. ಅಲ್ಲಿ ಬಟ್ಟೆಯನ್ನು ಮೊದಲು ಪೂರ್ತಿ ನೀಲಿಗೆ ಅದ್ದಿ, ಬೇಡದ ಕಡೆ ಬಣ್ಣ ತೆಗೆಯುವ ದ್ರಾವಣವನ್ನು ಮರದ ಅಚ್ಚಿನಿಂದ ಒತ್ತಿ, ಹಾಗೆ ಬೆಳ್ಳಗಾದ ಜಾಗಕ್ಕೆ ಕೆಂಪು, ಹಳದಿ ತುಂಬುತ್ತಿದ್ದರು. 1883ರ 'ಸ್ಟ್ರಾಬೆರಿ ಥೀಫ್' ಬಟ್ಟೆ ಹೀಗೆ ಹುಟ್ಟಿದ್ದು. ತೋಟದ ಹಣ್ಣು ಕದಿಯುವ ಹಕ್ಕಿಗಳ ಆ ವಿನ್ಯಾಸ ಇಂದಿಗೂ ಮಾರಾಟವಾಗುತ್ತದೆ.

ಅವನ ಸಂಕಟವೂ ಅಲ್ಲೇ ಇತ್ತು. ಕೈಯಿಂದ ಮಾಡಿದ್ದು ದುಬಾರಿ, ಕೊಳ್ಳುವವರು ಸಿರಿವಂತರು. ಎಲ್ಲರಿಗೂ ಕಲೆ ಎಂದ ಮನುಷ್ಯ ಕೆಲವರಿಗೆ ಮಾತ್ರ ಎಟುಕುವ ವಸ್ತುಗಳನ್ನು ಮಾಡಿದ. 1870ರ ದಶಕದ ನಡುವಿನವರೆಗೆ ಆರ್ಸೆನಿಕ್ ತೆಗೆಯುವ ಗಣಿ ಕಂಪನಿಯ ನಿರ್ದೇಶಕರಲ್ಲಿಯೂ ಒಬ್ಬನಾಗಿದ್ದ. ಅಂದಿನ ಗೋಡೆಕಾಗದದ ಹಸಿರಿನಲ್ಲಿ ಆ ವಿಷವೇ ಇರುತ್ತಿತ್ತು. ಮೋರಿಸ್ ಕೊನೆಗೆ ಸಮಾಜವಾದಿಯಾಗಿ ಬೀದಿ ಭಾಷಣಗಳಿಗೆ ಇಳಿದದ್ದನ್ನು ಈ ಸಂಕಟದ ಬೆಳಕಿನಲ್ಲಿ ನೋಡಿದರೆ ಅವನ ಪ್ರಾಮಾಣಿಕತೆ ಅರ್ಥವಾಗುತ್ತದೆ. 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಸ್ಥಾಪಿಸಿ, ಅಕ್ಷರದ ಅಚ್ಚನ್ನೂ ತಾನೇ ರೂಪಿಸಿದ. ಬರ್ನ್ ಜೋನ್ಸ್‌ನ 87 ಚಿತ್ರಗಳಿರುವ ಚಾಸರ್ ಕವಿಯ ಸಂಪುಟ 1896ರಲ್ಲಿ, ಮೋರಿಸ್ ಸಾಯುವ ಕೆಲವೇ ತಿಂಗಳ ಮೊದಲು ಹೊರಬಂತು. ಅವನ ದಾರಿಯಲ್ಲಿ ನಡೆದವರು 1887ರಲ್ಲಿ 'ಆರ್ಟ್ಸ್ ಅಂಡ್ ಕ್ರಾಫ್ಟ್ಸ್' ಹೆಸರಿನ ಸಂಘ ಕಟ್ಟಿದರು. ಆ ಹೆಸರಿನ ಚಳವಳಿ ಅಮೆರಿಕ, ಜರ್ಮನಿಗಳಿಗೆ ಹಬ್ಬಿತು.

ಅತ್ತ ಕಲೆಗೆ ನೀತಿಯ ಹೊರೆಯೇ ಬೇಡ, ಅಂದವೇ ಸಾಕು ಎನ್ನುವ ಇನ್ನೊಂದು ಗುಂಪು ಎದ್ದಿತು. ಜಪಾನಿನ ಮುದ್ರಣಚಿತ್ರಗಳು, ನೀಲಿ ಬಿಳಿ ಪಿಂಗಾಣಿ, ನವಿಲುಗರಿ, ಸೂರ್ಯಕಾಂತಿ ಅವರ ಲಾಂಛನಗಳು. ಅಮೆರಿಕದಿಂದ ಬಂದಿದ್ದ ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್ ರಾತ್ರಿಯ ಬಾಣಬಿರುಸುಗಳನ್ನು ಬಣ್ಣದ ಚಿಮುಕಿನಂತೆ ಬರೆದ ಚಿತ್ರವನ್ನು ರಸ್ಕಿನ್ ಜರೆದಾಗ ಆತ ಮಾನನಷ್ಟ ಮೊಕದ್ದಮೆ ಹೂಡಿದ. 1878ರಲ್ಲಿ ವಿಸ್ಲರ್ ಗೆದ್ದ. ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ವೆಚ್ಚದ ಭಾರಕ್ಕೆ ದಿವಾಳಿಯಾದ. ಪ್ರೀ ರಫೇಲೈಟರ ಪರವಾಗಿ ನಿಂತಿದ್ದ ರಸ್ಕಿನ್ ಈಗ ಹೊಸತನ್ನು ಕಾಣಲಾರದವನಾದದ್ದು ದುಃಖದ ಸಂಗತಿ. 1890ರ ದಶಕದಲ್ಲಿ ಆಸ್ಕರ್ ವೈಲ್ಡ್‌ನ ಬರಹ, ಆಬ್ರಿ ಬಿಯರ್ಡ್‌ಸ್ಲಿಯ ಕಪ್ಪು ಬಿಳುಪು ರೇಖೆಗಳಲ್ಲಿ ಈ ಧಾರೆ ತುದಿ ಮುಟ್ಟಿತು.

ಭಾರತದಲ್ಲಿ, ಕರ್ನಾಟಕದಲ್ಲಿ

1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿಯೆಂದು ಸಾರುವ ಹೊತ್ತಿಗಾಗಲೇ ಆ ಯುಗದ ಶೈಲಿಗಳು ಇಲ್ಲಿಗೆ ಬಂದಿಳಿದಿದ್ದವು. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ 1878ರಲ್ಲಿ ಶುರುವಾಗಿ ಹತ್ತು ವರ್ಷದಲ್ಲಿ ಮುಗಿಯಿತು. ಫ್ರೆಡ್ರಿಕ್ ವಿಲಿಯಂ ಸ್ಟೀವನ್ಸ್‌ನ ಗೋಥಿಕ್ ವಿನ್ಯಾಸಕ್ಕೆ ಕೆತ್ತನೆಯ ಜೀವ ತುಂಬಿದವರು ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳು. ಎದುರು ದಿಕ್ಕಿನ ಪಯಣವೂ ನಡೆಯಿತು: ಲಾಹೋರಿನ ಭಾಯಿ ರಾಮ್ ಸಿಂಗ್ 1890ರ ದಶಕದ ಆರಂಭದಲ್ಲಿ ಇಂಗ್ಲೆಂಡಿಗೆ ಹೋಗಿ ಆಸ್ಬರ್ನ್ ಹೌಸ್‌ನ ದರ್ಬಾರ್ ಕೋಣೆಯ ಕುಸುರಿ ಅಲಂಕಾರವನ್ನು ರೂಪಿಸಿದ.

ಕರ್ನಾಟಕದ ಶಿಲ್ಪ ಬ್ರಿಟನ್ನಿನ ವಾಗ್ವಾದದೊಳಕ್ಕೆ ಹೋದ ಬಗೆ ಹೆಚ್ಚು ಜನರಿಗೆ ಗೊತ್ತಿಲ್ಲ. 1850ರ ದಶಕದಲ್ಲಿ ಬಿಗ್ಸ್, ಪಿಗೂ, ನೀಲ್ ಎಂಬ ಅಧಿಕಾರಿಗಳು ಭಾರದ ಕ್ಯಾಮೆರಾಗಳನ್ನು ಹೊರಿಸಿಕೊಂಡು ಬಂದು ಬಾದಾಮಿ, ಐಹೊಳೆ, ಹಳೇಬೀಡು ಮೊದಲಾದ ಕಡೆ ದೇಗುಲಗಳ ಛಾಯಾಚಿತ್ರ ತೆಗೆದಿದ್ದರು. ಅವನ್ನು ಸೇರಿಸಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಬಗ್ಗೆ ಪುಸ್ತಕ ತಂದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಫರ್ಗ್ಯುಸನ್ ಅಥೆನ್ಸಿನ ಪಾರ್ಥೆನಾನ್ ಜೊತೆಗಿಟ್ಟು ತೂಗಿದ. ಎರಡೂ ಶಿಲ್ಪಕಲೆಯ ಎರಡು ಎದುರು ತುದಿಗಳು, ತಮ್ಮ ತಮ್ಮ ಬಗೆಯಲ್ಲಿ ಎರಡೂ ಶ್ರೇಷ್ಠ ಎಂದ. ಅದೇ ಕಾಲದಲ್ಲಿ ರಸ್ಕಿನ್ 1857ರ ದಂಗೆಯ ಸಿಟ್ಟಿನಲ್ಲಿ ಭಾರತದ ಅಲಂಕಾರ ಕಲೆ ನಿಸರ್ಗದ ಸತ್ಯಕ್ಕೆ ಬೆನ್ನು ಹಾಕಿದ್ದೆಂದು 1859ರ ತನ್ನ ಉಪನ್ಯಾಸ ಸಂಕಲನದಲ್ಲಿ ಹಳಿದ. ಕುಟಿಗನ ಸ್ವಾತಂತ್ರ್ಯವನ್ನು ಅಷ್ಟು ಎತ್ತಿಹಿಡಿದವನಿಗೆ ಹಳೇಬೀಡಿನ ಗೋಡೆಯ ಮೇಲೆ ಅದು ಕಾಣದೆ ಹೋದದ್ದು ಅವನ ವಿಮರ್ಶೆಯ ದೊಡ್ಡ ಕುರುಡು.

ಬೆಂಗಳೂರಿನ ಲಾಲ್‌ಬಾಗ್‌ನ ಗಾಜಿನ ಮನೆ ಪ್ಯಾಕ್ಸ್‌ಟನ್ನನ ಭವನದ ವಂಶದ್ದು. ಅದಕ್ಕೆ 1889ರ ನವೆಂಬರ್ 30ರಂದು ಅಡಿಗಲ್ಲು ಇಟ್ಟವನು ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಗೋಥಿಕ್‌ನ ಚೂಪು ಕಮಾನುಗಳಿವೆ, ಬೆಂಗಳೂರು ಅರಮನೆಯಲ್ಲಿ ಟ್ಯೂಡರ್ ಕೋಟೆಯ ಬುರುಜುಗಳು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದಾಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹೊಸದನ್ನು ಕಟ್ಟುವ ಕೆಲಸವನ್ನು ಹೆನ್ರಿ ಇರ್ವಿನ್‌ಗೆ ವಹಿಸಿದರು. 1912ರಲ್ಲಿ ಮುಗಿದ ಆ ಅರಮನೆಯ ಹೊರಗೆ ಗುಮ್ಮಟ, ಕಮಾನುಗಳ ಇಂಡೋ ಸಾರ್ಸೆನಿಕ್ ರೂಪ. ಒಳಗೆ ಕಲ್ಯಾಣ ಮಂಟಪದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಬೀಡುಕಬ್ಬಿಣದ ಕಂಬಗಳು, ಅವುಗಳ ಮೇಲೆ ನವಿಲು ಚಿತ್ತಾರದ ಬಣ್ಣದ ಗಾಜಿನ ಚಾವಣಿ. ಆ ಕೋಣೆಯ ಗೋಡೆಗಳಲ್ಲಿ ದಸರಾ ಮೆರವಣಿಗೆಯ ತೈಲಚಿತ್ರಗಳಿವೆ. ವಿಕ್ಟೋರಿಯಾ ಯುಗದ ಕಬ್ಬಿಣ, ಗಾಜು, ಚಿತ್ರಕಲೆಗಳನ್ನು ಕನ್ನಡನಾಡಿನಲ್ಲಿ ಒಂದೇ ಕಡೆ ನೋಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತಿರಸ್ಕಾರ ಮತ್ತು ಮರುನೋಟ

ರಾಣಿ 1899ರಲ್ಲಿ ಸೌತ್ ಕೆನ್ಸಿಂಗ್ಟನ್ ಸಂಗ್ರಹಾಲಯದ ಹೊಸ ಕಟ್ಟಡಕ್ಕೆ ಅಡಿಗಲ್ಲಿಟ್ಟಾಗ ಅದಕ್ಕೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯವೆಂದು ಹೆಸರು ಬದಲಾಯಿತು. ಆಕೆ ಸತ್ತ ಮೇಲೆ ಬಂದ ತಲೆಮಾರು ಈ ಕಾಲದ ಕಲೆಯನ್ನು ಕಂಡು ಮೂಗು ಮುರಿಯಿತು. ಸಿಡೆನ್‌ಹ್ಯಾಂಗೆ ಸ್ಥಳಾಂತರಿಸಿದ್ದ ಗಾಜಿನ ಅರಮನೆ 1936ರ ನವೆಂಬರ್ 30ರ ರಾತ್ರಿ ಸುಟ್ಟು ಬೂದಿಯಾಯಿತು, ಮತ್ತೆ ಕಟ್ಟಲಿಲ್ಲ. ಫ್ರೆಡ್ರಿಕ್ ಲೇಟನ್ 1895ರಲ್ಲಿ ಬರೆದ, ಕಿತ್ತಳೆ ಬಣ್ಣದ ಉಡುಪಿನಲ್ಲಿ ನಿದ್ರಿಸುವ ಹೆಣ್ಣಿನ 'ಫ್ಲೇಮಿಂಗ್ ಜೂನ್' ಚಿತ್ರಕ್ಕೆ ಬ್ರಿಟನ್ನಿನಲ್ಲಿ ಕೇಳುವವರಿಲ್ಲದೆ 1963ರಲ್ಲಿ ಅದು ಪೋರ್ಟೊ ರಿಕೊದ ಪೊನ್ಸೆ ಸಂಗ್ರಹಾಲಯದ ಪಾಲಾಯಿತು. ಇಂದು ಅದು ಆ ಯುಗದ ಅತ್ಯಂತ ಪರಿಚಿತ ಚಿತ್ರಗಳಲ್ಲಿ ಒಂದು.

1958ರಲ್ಲಿ ಹುಟ್ಟಿದ ವಿಕ್ಟೋರಿಯನ್ ಸೊಸೈಟಿ ಉಳಿದ ಕಟ್ಟಡಗಳ ಪರವಾಗಿ ಹೋರಾಡಿತು. ಕೆಡವಬೇಕೆಂದಿದ್ದ ಸೇಂಟ್ ಪ್ಯಾಂಕ್ರಸ್ ನಿಲ್ದಾಣ ಮತ್ತು ಹೋಟೆಲಿಗೆ 1967ರಲ್ಲಿ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿತು. ನವೀಕರಣಗೊಂಡ ನಿಲ್ದಾಣದಿಂದ 2007ರಿಂದ ಪ್ಯಾರಿಸ್ಸಿಗೆ ರೈಲು ಹೊರಡುತ್ತಿದೆ. ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ಗೆ 1996ರಲ್ಲಿ ಛತ್ರಪತಿ ಶಿವಾಜಿಯ ಹೆಸರಿಡಲಾಯಿತು, 2004ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2018ರಲ್ಲಿ ಮುಂಬಯಿಯ ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗೋಥಿಕ್ ಕಟ್ಟಡಗಳೂ, ಅವುಗಳ ಎದುರು ಸಾಲಿನ ಆರ್ಟ್ ಡೆಕೊ ಕಟ್ಟಡಗಳೂ ಒಟ್ಟಿಗೇ ಅದೇ ಪಟ್ಟಿಗೆ ಸೇರಿದವು.